ಇಂಗ್ಲಿಷ್ ವಾಕ್ಯಕ್ಕೆ ಪೂರ್ಣವಿರಾಮ ಎಲ್ಲಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗ ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈ ವರ್ಷ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ್ದಾನೆ. ಮೊನ್ನೆ ಪ್ರಬಂಧವೊಂದರಲ್ಲಿ ಅವನು ‘ಐ ರೀಚ್ಡ್ ಸ್ಕೂಲ್ ಲೇಟ್. ಬಿಕಾಸ್ ದ ಬಸ್ ಬ್ರೋಕ್ ಡೌನ್ ನಿಯರ್ ಲಾಲ್‌ಬಾಗ್’ ಎಂದು ಬರೆದಿದ್ದ. ಶಿಕ್ಷಕಿ ಎರಡನೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ‘ಫ್ರಾಗ್ಮೆಂಟ್’, ಅಂದರೆ ತುಂಡು ವಾಕ್ಯ, ಎಂದು ಗುರುತು ಹಾಕಿದ್ದಾರೆ. ಆ ಸಾಲಿನಲ್ಲಿ ಕರ್ತೃವೂ ಇದೆ, ಕ್ರಿಯಾಪದವೂ ಇದೆ, ಅರ್ಥವೂ ಆಗುತ್ತದೆ. ಕನ್ನಡದಲ್ಲಿ ‘ನಾನು ಶಾಲೆಗೆ ತಡವಾಗಿ ಹೋದೆ. ಏಕೆಂದರೆ ಲಾಲ್‌ಬಾಗಿನ ಹತ್ತಿರ ಬಸ್ಸು ಕೆಟ್ಟು ನಿಂತಿತು’ ಎಂದು ಬರೆದರೆ ಯಾರೂ ತಪ್ಪೆನ್ನುವುದಿಲ್ಲ. ಹಾಗಾದರೆ ಇಲ್ಲಿರುವ ತಪ್ಪು ಯಾವುದು?
ಓದುಗರೊಬ್ಬರು, ಬಸವನಗುಡಿ

ಉತ್ತರ: ಶಿಕ್ಷಕಿಯವರ ಗುರುತು ಸರಿಯಾಗಿದೆ, ನಿಮ್ಮ ಮಗ ತಪ್ಪಿದ್ದಕ್ಕೆ ಕಾರಣವೂ ನಿಮ್ಮ ಪತ್ರದಲ್ಲಿಯೇ ಇದೆ. ಅವನು ‘ಬಿಕಾಸ್’ ಎಂಬ ಪದವನ್ನು ‘ಏಕೆಂದರೆ’ ಎಂದು ಕಲಿತಿದ್ದಾನೆ. ನಮ್ಮಲ್ಲಿ ಬಹುತೇಕ ಎಲ್ಲರೂ ಹಾಗೆಯೇ ಕಲಿತವರು. ಆದರೆ ಈ ಎರಡು ಪದಗಳ ಅರ್ಥ ಒಂದೇ ಆದರೂ ವಾಕ್ಯದೊಳಗೆ ಅವು ಮಾಡುವ ಕೆಲಸ ಒಂದೇ ಅಲ್ಲ.

‘ಏಕೆಂದರೆ’ ಎಂಬುದನ್ನು ಬಿಡಿಸಿ ನೋಡಿ: ‘ಏಕೆ ಎಂದರೆ’. ಅಂದರೆ ‘ಏಕೆ ಎಂದು ಯಾರಾದರೂ ಕೇಳಿದರೆ’. ಬರೆಯುವವನು ಪ್ರಶ್ನೆಯನ್ನು ತಾನೇ ಎತ್ತಿಕೊಂಡು, ‘ಬಸ್ಸು ಕೆಟ್ಟು ನಿಂತಿತು’ ಎಂದು ತಾನೇ ಉತ್ತರಿಸುತ್ತಾನೆ. ಆ ಸಾಲಿನಲ್ಲಿ ಅಧೀನವಾದ ಭಾಗ ‘ಏಕೆ ಎಂದರೆ’ ಎಂಬುದಷ್ಟೇ. ‘ಬಸ್ಸು ಕೆಟ್ಟು ನಿಂತಿತು’ ಎಂಬುದು ಅದನ್ನು ಪೂರೈಸುವ ಪ್ರಧಾನ ವಾಕ್ಯ. ಆದ್ದರಿಂದಲೇ ಕನ್ನಡದ ಆ ಎರಡನೆಯ ಸಾಲು ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಇಂಗ್ಲಿಷಿನ ‘ಬಿಕಾಸ್’ ಹುಟ್ಟಿದ ಬಗೆಯೇ ಬೇರೆ. ‘ಬೈ’ ಮತ್ತು ‘ಕಾಸ್’, ಅಂದರೆ ‘ಇಂಥ ಕಾರಣದಿಂದ’ ಎಂಬ ಅರ್ಥದ ಎರಡು ಪದಗಳು ಮಧ್ಯಕಾಲದ ಇಂಗ್ಲಿಷಿನಲ್ಲಿ ಕೂಡಿಕೊಂಡು ಈ ಪದವಾಯಿತು. ಅದು ಯಾವ ವಾಕ್ಯದ ತಲೆಯ ಮೇಲೆ ಕೂರುತ್ತದೆಯೋ ಆ ವಾಕ್ಯವನ್ನು ಇನ್ನೊಂದು ವಾಕ್ಯದ ಕಾರಣವನ್ನಾಗಿ ಮಾಡಿಬಿಡುತ್ತದೆ. ‘ದ ಬಸ್ ಬ್ರೋಕ್ ಡೌನ್’ ಎಂಬುದು ಪೂರ್ಣ ವಾಕ್ಯ. ಅದರ ಹಿಂದೆ ‘ಬಿಕಾಸ್’ ಬಂದು ನಿಂತ ಕ್ಷಣ ಅದು ಉಪವಾಕ್ಯವಾಗಿ, ತನ್ನನ್ನು ಹೊರುವ ಪ್ರಧಾನ ವಾಕ್ಯವೊಂದನ್ನು ಬೇಡುತ್ತದೆ.

ಹೀಗಾಗಿ ‘ಬಿಕಾಸ್’ ಪದಕ್ಕೆ ಕನ್ನಡದಲ್ಲಿ ನಿಜವಾಗಿ ಸಮನಾದದ್ದು ಸಾಲಿನ ಮೊದಲಲ್ಲಿ ಬರುವ ‘ಏಕೆಂದರೆ’ ಅಲ್ಲ, ಕ್ರಿಯೆಯ ಕೊನೆಗೆ ಅಂಟಿಕೊಳ್ಳುವ ‘ದ್ದರಿಂದ’ ಎಂಬ ರೂಪ. ನಿಮ್ಮ ಮಗನ ಎರಡನೆಯ ಸಾಲನ್ನು ಈ ರೂಪದಲ್ಲಿ ಅವನಿಂದಲೇ ಗಟ್ಟಿಯಾಗಿ ಹೇಳಿಸಿ: ‘ಲಾಲ್‌ಬಾಗಿನ ಹತ್ತಿರ ಬಸ್ಸು ಕೆಟ್ಟು ನಿಂತದ್ದರಿಂದ.’ ಅಷ್ಟಕ್ಕೇ ನಿಲ್ಲಿಸಲು ಅವನಿಗೆ ಸಾಧ್ಯವಾಗುವುದಿಲ್ಲ. ‘ನಿಂತದ್ದರಿಂದ ಏನಾಯಿತು?’ ಎಂದು ಅವನ ಕಿವಿಯೇ ಕೇಳುತ್ತದೆ. ಆ ಪ್ರಶ್ನೆ ಎಲ್ಲಿ ಏಳುತ್ತದೆಯೋ ಅಲ್ಲಿ ಪೂರ್ಣವಿರಾಮ ಹಾಕುವಂತಿಲ್ಲ ಎಂದು ಹೇಳಿಕೊಡಿ.

ಈ ಉಪಾಯ ‘ಬಿಕಾಸ್’ ಒಂದಕ್ಕೇ ಸೀಮಿತವಲ್ಲ. ‘ಇಫ್’ ಇದ್ದರೆ ಕ್ರಿಯೆಯ ಕೊನೆಗೆ ‘ರೆ’ ಬರುತ್ತದೆ, ‘ದೋ’ ಮತ್ತು ‘ಆಲ್ದೋ’ ಇದ್ದರೆ ‘ರೂ’ ಬರುತ್ತದೆ, ‘ವೆನ್’ ಇದ್ದರೆ ‘ಆಗ’ ಬರುತ್ತದೆ, ‘ಅಂಟಿಲ್’ ಇದ್ದರೆ ‘ವವರೆಗೆ’ ಬರುತ್ತದೆ. ‘ಮಳೆ ಬಂದರೆ’, ‘ಮಳೆ ಬಂದರೂ’, ‘ಮಳೆ ಬಂದಾಗ’, ‘ಮಳೆ ನಿಲ್ಲುವವರೆಗೆ’: ಇವುಗಳಲ್ಲಿ ಯಾವುದರ ಮುಂದೆಯೂ ಕನ್ನಡ ಬಲ್ಲ ಮಗು ಪೂರ್ಣವಿರಾಮ ಹಾಕುವುದಿಲ್ಲ. ಕನ್ನಡವು ಅಧೀನತೆಯ ಗುರುತನ್ನು ಕ್ರಿಯೆಯ ಬಾಲಕ್ಕೆ ಕಟ್ಟುತ್ತದೆ. ಸಾಲು ಮುಗಿಯುವ ಜಾಗದಲ್ಲಿಯೇ ಅದು ಮುಗಿದಿಲ್ಲ ಎಂಬುದು ಕೇಳಿಸುತ್ತದೆ. ಇಂಗ್ಲಿಷ್ ಆ ಗುರುತನ್ನು ಸಾಲಿನ ತಲೆಗೆ ಕಟ್ಟಿ, ಕ್ರಿಯಾಪದವನ್ನು ಇದ್ದಂತೆಯೇ ಬಿಟ್ಟುಬಿಡುತ್ತದೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ತಲೆಯ ಮೇಲಿದ್ದ ಪದ ಬರೆಯುವವನಿಗೆ ಮರೆತಿರುತ್ತದೆ. ನನ್ನ ಅನುಭವದಲ್ಲಿ ನಮ್ಮ ಮಕ್ಕಳ ತುಂಡು ವಾಕ್ಯಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಮರೆವಿನಿಂದಲೇ ಹೊರತು ವ್ಯಾಕರಣದ ಅಜ್ಞಾನದಿಂದಲ್ಲ.

ತಿದ್ದುವುದು ಸುಲಭ. ‘ಐ ರೀಚ್ಡ್ ಸ್ಕೂಲ್ ಲೇಟ್ ಬಿಕಾಸ್ ದ ಬಸ್ ಬ್ರೋಕ್ ಡೌನ್ ನಿಯರ್ ಲಾಲ್‌ಬಾಗ್’ ಎಂದು ನಡುವಿನ ಪೂರ್ಣವಿರಾಮವನ್ನು ತೆಗೆದುಬಿಟ್ಟರೆ ಸಾಕು. ಉಪವಾಕ್ಯವನ್ನು ಮೊದಲು ತರುವುದಾದರೆ ಅದು ಮುಗಿಯುವಲ್ಲಿ ಅಲ್ಪವಿರಾಮ ಹಾಕಿ ಪ್ರಧಾನ ವಾಕ್ಯವನ್ನು ಬರೆಯಬೇಕು. ಇನ್ನೊಂದು ಮಾತನ್ನೂ ಮಗನಿಗೆ ತಿಳಿಸಿ: ‘ವೈ ಆರ್ ಯೂ ಲೇಟ್?’ ಎಂದು ಯಾರಾದರೂ ಕೇಳಿದಾಗ ‘ಬಿಕಾಸ್ ದ ಬಸ್ ಬ್ರೋಕ್ ಡೌನ್’ ಎಂದು ಉತ್ತರಿಸುವುದರಲ್ಲಿ ದೋಷವೇನೂ ಇಲ್ಲ, ಏಕೆಂದರೆ ಪ್ರಧಾನ ವಾಕ್ಯ ಕೇಳಿದವರ ಬಾಯಲ್ಲಿ ಆಗಲೇ ಬಂದಿರುತ್ತದೆ.

ಪ್ರಶ್ನೆ: ‘ಬಿಕಾಸ್’, ‘ಆ್ಯಂಡ್’, ‘ಬಟ್’ ಪದಗಳಿಂದ ಇಂಗ್ಲಿಷ್ ವಾಕ್ಯವನ್ನು ಆರಂಭಿಸಲೇಬಾರದು ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಇದು ನಿಜವಾದ ನಿಯಮವೇ?
ನಿವೃತ್ತ ಬ್ಯಾಂಕ್ ಉದ್ಯೋಗಿ, ರಾಜಾಜಿನಗರ

ಉತ್ತರ: ಅಲ್ಲ. ತುಂಡು ವಾಕ್ಯಗಳನ್ನು ತಡೆಯಲು ಶಿಕ್ಷಕರು ಕಂಡುಕೊಂಡ ಅಡ್ಡದಾರಿಯೊಂದು ಕಾಲಕ್ರಮದಲ್ಲಿ ನಿಯಮದ ವೇಷ ತೊಟ್ಟಿದೆ. ‘ಬಿಕಾಸ್ ಇಟ್ ವಾಸ್ ರೈನಿಂಗ್, ವಿ ಸ್ಟೇಡ್ ಅಟ್ ಹೋಮ್’ ಎಂಬುದು ನಿರ್ದೋಷವಾದ ವಾಕ್ಯ. ‘ಆ್ಯಂಡ್’, ‘ಬಟ್’ ಪದಗಳು ಸಮಾನ ವಾಕ್ಯಗಳನ್ನು ಜೋಡಿಸುತ್ತವೆಯೇ ಹೊರತು ಯಾವುದನ್ನೂ ಅಧೀನ ಮಾಡುವುದಿಲ್ಲವಾದ್ದರಿಂದ, ಅವುಗಳಿಂದ ಆರಂಭವಾದ ಮಾತ್ರಕ್ಕೆ ವಾಕ್ಯ ತುಂಡಾಗುವುದಿಲ್ಲ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಪದಪುಂಜ, ಉಪವಾಕ್ಯ ಮತ್ತು ತುಂಡು ವಾಕ್ಯಗಳ ನಡುವಿನ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ತಿಳಿಸುವುದು ಕಷ್ಟವಾಗುತ್ತಿದೆ. ‘ಪೂರ್ಣ ಅರ್ಥ ಕೊಡುವುದು ವಾಕ್ಯ’ ಎಂದು ಹೇಳಿದರೆ, ‘ದ ಬಾಯ್ಸ್ ಪ್ಲೇಯಿಂಗ್ ಇನ್ ದ ಗ್ರೌಂಡ್’ ಎಂಬುದೂ ತಮಗೆ ಅರ್ಥವಾಗುತ್ತದೆ ಎನ್ನುತ್ತಾರೆ. ಪಠ್ಯದ ಸಾಲುಗಳಲ್ಲಿ ಇವನ್ನು ಗುರುತಿಸಲು ನಂಬಬಹುದಾದ ಒರೆಗಲ್ಲು ಯಾವುದಾದರೂ ಇದೆಯೇ?
ಶಿಕ್ಷಕಿ, ಯಲಹಂಕ

ಉತ್ತರ: ನಿಮ್ಮ ವಿದ್ಯಾರ್ಥಿಗಳ ಆಕ್ಷೇಪ ನ್ಯಾಯವಾದದ್ದು. ‘ಪೂರ್ಣ ಅರ್ಥ’ ಎಂಬ ಲಕ್ಷಣ ವಾಕ್ಯವೆಂದರೇನು ಎಂಬುದನ್ನು ಆಗಲೇ ಬಲ್ಲವರಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ನಾನು ಬಹಳ ಕಾಲದಿಂದ ಆ ಲಕ್ಷಣವನ್ನು ಬದಿಗಿಟ್ಟು, ಕ್ರಿಯಾಪದವನ್ನು ಹುಡುಕುವುದರಿಂದಲೇ ಪಾಠ ಆರಂಭಿಸಬೇಕೆಂದು ಹೇಳುತ್ತ ಬಂದಿದ್ದೇನೆ. ಅದಕ್ಕೆ ಬೇಕಾದ ಸಲಕರಣೆಯನ್ನು ನಿಮ್ಮ ಶಾಲೆಯ ಕನ್ನಡ ಶಿಕ್ಷಕರು ಮಕ್ಕಳ ಕೈಗೆ ಆಗಲೇ ಕೊಟ್ಟಿರುತ್ತಾರೆ.

ಕನ್ನಡ ವ್ಯಾಕರಣದಲ್ಲಿ ಧಾತುವಿಗೆ ಆಖ್ಯಾತ ಪ್ರತ್ಯಯ ಸೇರಿದಾಗ ಮಾತ್ರ ಅದು ಕ್ರಿಯಾಪದ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಆಖ್ಯಾತಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ‘ಮಾಡಿದನು’, ‘ಮಾಡುತ್ತಾಳೆ’, ‘ಮಾಡುವರು’ ಎಂಬವು ಕ್ರಿಯಾಪದಗಳು. ‘ಮಾಡಿ’, ‘ಮಾಡುತ್ತ’, ‘ಮಾಡಿದ’, ‘ಮಾಡುವುದು’ ಎಂಬವು ಧಾತುವಿನಿಂದಲೇ ಹುಟ್ಟಿದರೂ ಕೃದಂತಗಳು. ಕೃದಂತಗಳನ್ನು ಎಷ್ಟೇ ಉದ್ದಕ್ಕೆ ಪೋಣಿಸಿದರೂ ಕ್ರಿಯಾಪದ ಬರುವವರೆಗೆ ವಾಕ್ಯ ಮುಗಿಯುವುದಿಲ್ಲ ಎಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿ ಕಲಿತಿರುತ್ತಾನೆ. ಇಂಗ್ಲಿಷ್ ವ್ಯಾಕರಣ ಫೈನೈಟ್ ವರ್ಬ್ ಎಂದು ಕರೆಯುವುದು ಸರಿಸುಮಾರು ನಮ್ಮ ಆಖ್ಯಾತವುಳ್ಳ ಕ್ರಿಯಾಪದವನ್ನೇ; ‘ಪ್ಲೇಯಿಂಗ್’, ‘ಟು ಪ್ಲೇ’, ‘ರಿಟನ್’ ಮುಂತಾದವು ಇಂಗ್ಲಿಷಿನ ಕೃದಂತಗಳು. ಎರಡು ಭಾಷೆಗಳ ವ್ಯಾಕರಣವನ್ನು ಎರಡು ಬೇರೆ ಬೇರೆ ಕೊಠಡಿಗಳಲ್ಲಿ, ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಲಿಸುವುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ಕಾಲವನ್ನು ಬದಲಾಯಿಸಿ ನೋಡುವುದೇ ಒರೆಗಲ್ಲು. ಸಾಲಿನ ಆರಂಭಕ್ಕೆ ಒಮ್ಮೆ ‘ಯೆಸ್ಟರ್‌ಡೇ’, ಇನ್ನೊಮ್ಮೆ ‘ಎವ್ರಿ ಡೇ’ ಎಂದು ಸೇರಿಸಿ ಓದಿಸಿ. ‘ದ ಬಾಯ್ಸ್ ಪ್ಲೇ’ ಎಂಬುದು ನಿನ್ನೆಯ ಮಾತಾದರೆ ‘ದ ಬಾಯ್ಸ್ ಪ್ಲೇಡ್’ ಎಂದಾಗಲೇಬೇಕು. ‘ದ ಬಾಯ್ಸ್ ಪ್ಲೇಯಿಂಗ್’ ಎಂಬಲ್ಲಿ ‘ಪ್ಲೇಯಿಂಗ್’ ನಿನ್ನೆಗೂ ನಾಳೆಗೂ ಬದಲಾಗದೆ ಕುಳಿತಿರುತ್ತದೆ. ಹಾಗೆ ಕಾಲಕ್ಕೆ ಬಾಗದ ಪದ ವಾಕ್ಯದ ಭಾರವನ್ನು ಹೊರಲಾರದು. ‘ವರ್’ ಸೇರಿಸಿ ‘ದ ಬಾಯ್ಸ್ ವರ್ ಪ್ಲೇಯಿಂಗ್’ ಎಂದಾಗ ಕಾಲದ ಭಾರವನ್ನು ‘ವರ್’ ಹೊರುತ್ತದೆ, ವಾಕ್ಯ ಪೂರ್ಣವಾಗುತ್ತದೆ. ‘ಕ್ಯಾನ್’, ‘ಮಸ್ಟ್’, ‘ವಿಲ್’ ಮುಂತಾದ ಸಹಾಯಕ ಕ್ರಿಯಾಪದಗಳನ್ನೂ ಭಾರ ಹೊರಬಲ್ಲವುಗಳ ಸಾಲಿಗೇ ಸೇರಿಸಿಕೊಳ್ಳಬೇಕು.

ಇಲ್ಲೊಂದು ಹಳ್ಳ ಇದೆ. ಇಂಗ್ಲಿಷಿನ ಅನೇಕ ಧಾತುಗಳಲ್ಲಿ ಭೂತಕಾಲದ ಕ್ರಿಯಾಪದಕ್ಕೂ ಭೂತ ಕೃದಂತಕ್ಕೂ ಒಂದೇ ರೂಪವಿರುತ್ತದೆ. ‘ದ ಹೌಸ್ ಬಿಲ್ಟ್ ಬೈ ಮೈ ಗ್ರ್ಯಾಂಡ್‌ಫಾದರ್ ಇನ್ ಮಲ್ಲೇಶ್ವರಂ’ ಎಂಬಲ್ಲಿ ‘ಬಿಲ್ಟ್’ ಕ್ರಿಯಾಪದದಂತೆ ಕಾಣುತ್ತದೆ. ಅದು ಕ್ರಿಯಾಪದವಾಗಿದ್ದರೆ ಮನೆಯೇ ಏನನ್ನೋ ಕಟ್ಟಿತು ಎಂದಾಗಬೇಕಿತ್ತು. ಇಲ್ಲಿನ ಅರ್ಥ ‘ನಮ್ಮ ತಾತ ಮಲ್ಲೇಶ್ವರದಲ್ಲಿ ಕಟ್ಟಿಸಿದ ಮನೆ’ ಎಂದು. ‘ಕಟ್ಟಿಸಿದ’ ಎಂಬುದು ಕೃದಂತ, ಆ ಮನೆಯ ವಿಚಾರವಾಗಿ ಇನ್ನೂ ಏನನ್ನೂ ಹೇಳಿಲ್ಲ. ಸಂದೇಹ ಬಂದಾಗ ಎರಡು ರೂಪಗಳೂ ಬೇರೆಬೇರೆಯಾಗಿರುವ ‘ರೈಟ್’ ಧಾತುವಿನಿಂದ ಅದೇ ಅಚ್ಚಿನ ಸಾಲೊಂದನ್ನು ಕಟ್ಟಿಸಿ. ‘ದ ಲೆಟರ್ ರಿಟನ್ ಬೈ ಮೈ ಗ್ರ್ಯಾಂಡ್‌ಫಾದರ್’ ಎಂದೇ ಹೇಳಬೇಕಾಗುತ್ತದೆ, ‘ರೋಟ್’ ಅಲ್ಲಿ ಹೊಂದುವುದೇ ಇಲ್ಲ. ಆದ್ದರಿಂದ ‘ಬಿಲ್ಟ್’ ಕೂಡ ಅಲ್ಲಿ ಕೃದಂತವೇ.

ಕ್ರಿಯಾಪದ ಸಿಕ್ಕ ಮೇಲೆ ಉಳಿದದ್ದು ಹಗುರವಾದ ಕೆಲಸ. ಕಾಲ ಹೊತ್ತ ಕ್ರಿಯಾಪದ, ಅದಕ್ಕೊಂದು ಕರ್ತೃ, ಇವೆರಡೂ ಇದ್ದರೆ ಅದು ಕ್ಲಾಜ್. ಇಲ್ಲದಿದ್ದರೆ ಎಷ್ಟು ಪದಗಳಿದ್ದರೂ ಪದಪುಂಜ. ‘ಬಿಫೋರ್ ಸನ್‌ರೈಸ್’ ಎಂಬುದು ಪದಪುಂಜ, ‘ಬಿಫೋರ್ ದ ಸನ್ ರೋಸ್’ ಎಂಬುದು ಅಧೀನವಾದ ಕ್ಲಾಜ್, ಅಂದರೆ ಉಪವಾಕ್ಯ. ಕನ್ನಡದಲ್ಲಿಯೂ ‘ಸೂರ್ಯೋದಯಕ್ಕೆ ಮೊದಲು’ ಮತ್ತು ‘ಸೂರ್ಯ ಹುಟ್ಟುವ ಮೊದಲು’ ಎಂಬ ಭೇದವಿದೆ. ‘ಬಿಫೋರ್’, ‘ಆಫ್ಟರ್’, ‘ಸಿನ್ಸ್’, ‘ಅಂಟಿಲ್’ ಪದಗಳು ಎರಡೂ ಕಡೆ ಬರುವುದರಿಂದ, ಆ ಪದವನ್ನು ನೋಡಿ ತೀರ್ಮಾನಿಸದೆ ಅದರ ಮುಂದೆ ಏನಿದೆ ಎಂಬುದನ್ನು ನೋಡಬೇಕು. ‘ಬಿಕಾಸ್’ ಮುಂದೆ ಕ್ಲಾಜ್ ಬರುತ್ತದೆ, ‘ಬಿಕಾಸ್ ಆಫ್’ ಮುಂದೆ ನಾಮಪದವಷ್ಟೇ ಬರುತ್ತದೆ ಎಂಬುದನ್ನೂ ಇದರ ಜೊತೆಗೇ ಹೇಳಿಬಿಡಬಹುದು.

ತುಂಡು ವಾಕ್ಯ ಎಂಬುದು ಈ ವರ್ಗೀಕರಣದ ಮೂರನೆಯ ಜಾತಿಯಲ್ಲ, ಗೊಂದಲವಾಗುವುದು ಇಲ್ಲಿಯೇ. ಪದಪುಂಜವೋ ಉಪವಾಕ್ಯವೋ ತನ್ನನ್ನು ಹೊರುವ ಪ್ರಧಾನ ವಾಕ್ಯದಿಂದ ಕಳಚಿಕೊಂಡು, ದೊಡ್ಡಕ್ಷರದಿಂದ ಆರಂಭವಾಗಿ ಪೂರ್ಣವಿರಾಮದಲ್ಲಿ ಮುಗಿದರೆ ಆ ಸ್ಥಿತಿಯ ಹೆಸರು ಫ್ರಾಗ್ಮೆಂಟ್. ‘ವೆನ್ ದ ರೇನ್ ಸ್ಟಾಪ್ಡ್’ ಎಂಬುದು ವಾಕ್ಯದೊಳಗಿದ್ದಾಗ ಉಪವಾಕ್ಯ ಮಾತ್ರ. ಒಂಟಿಯಾಗಿ ನಿಂತಾಗ ಉಪವಾಕ್ಯವೂ ಹೌದು, ತುಂಡು ವಾಕ್ಯವೂ ಹೌದು.

ಕನ್ನಡದ ಕಿವಿಯನ್ನು ನಂಬಬಾರದ ಎರಡು ಜಾಗಗಳನ್ನು ನಿಮ್ಮ ವಿದ್ಯಾರ್ಥಿಗಳಿಗೆ ಮೊದಲೇ ತೋರಿಸಿಬಿಡಿ. ‘ನಮ್ಮ ತಂದೆ ಚಿಕ್ಕಪೇಟೆಯಲ್ಲಿ ದರ್ಜಿ’ ಎಂಬುದು ಕ್ರಿಯಾಪದವಿಲ್ಲದೆಯೂ ಕನ್ನಡದಲ್ಲಿ ಪೂರ್ಣ ವಾಕ್ಯ. ಇಂಗ್ಲಿಷಿನಲ್ಲಿ ‘ಮೈ ಫಾದರ್’ ಆದ ಮೇಲೆ ‘ಈಸ್’ ಬರಲೇಬೇಕು. ‘ನಿನ್ನೆ ಬಂದೆನು’ ಎಂಬಲ್ಲಿ ಕೊನೆಯ ಪ್ರತ್ಯಯವೇ ‘ನಾನು’ ಎಂದು ಸಾರುವುದರಿಂದ ಕರ್ತೃವನ್ನು ಬಿಡಬಹುದು. ಇಂಗ್ಲಿಷಿನ ‘ಕೇಮ್’ ಯಾರು ಬಂದರೆಂದು ಹೇಳಲಾರದು, ಆದ್ದರಿಂದ ‘ಕೇಮ್ ಯೆಸ್ಟರ್‌ಡೇ’ ಎಂದರೆ ತುಂಡು. ಮಳೆಯ ಮಾತಿಗೂ ಅಲ್ಲಿ ಕರ್ತೃ ಬೇಕು. ಬೇರೆ ಯಾರೂ ಸಿಗದಿದ್ದಾಗ ‘ಇಟ್’ ಬಂದು ಆ ಜಾಗವನ್ನು ತುಂಬುತ್ತದೆ. ಆಜ್ಞೆ ಮಾತ್ರ ಎರಡು ಭಾಷೆಗಳಲ್ಲಿಯೂ ಒಂದೇ ಬಗೆ: ‘ಬಾ’ ಎಂಬುದೂ ‘ಕಮ್’ ಎಂಬುದೂ ಒಂದೇ ಪದದ ಪೂರ್ಣ ವಾಕ್ಯಗಳು.

ಪ್ರಶ್ನೆ: ಕಚೇರಿಯಲ್ಲಿ ಇಂಗ್ಲಿಷ್ ಪತ್ರಗಳ ಕರಡು ಸಿದ್ಧಪಡಿಸುವುದು ನನ್ನ ಕೆಲಸ. ‘ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಸೈಟೆಡ್ ಅಬೋವ್’ ಎಂದು ಬರೆದು ಪೂರ್ಣವಿರಾಮ ಹಾಕಿ ಮುಂದಿನ ವಾಕ್ಯ ಆರಂಭಿಸುವುದು ನಮ್ಮಲ್ಲಿ ರೂಢಿ. ಹೊಸದಾಗಿ ಬಂದ ಮೇಲಧಿಕಾರಿಗಳು ಇದನ್ನೂ, ಪತ್ರದ ಕೊನೆಯ ‘ಥ್ಯಾಂಕಿಂಗ್ ಯೂ’ ಎಂಬುದನ್ನೂ ಹೊಡೆದುಹಾಕುತ್ತಿದ್ದಾರೆ. ಎರಡೂ ತಪ್ಪೇ?
ಸಹಾಯಕರು, ವಿಜಯನಗರ

ಉತ್ತರ: ಮೊದಲನೆಯದು ತಪ್ಪೇ. ಕನ್ನಡದ ಕಡತಗಳಲ್ಲಿ ನೀವೇ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಬರೆದ ಮೇಲೆ ಅಲ್ಪವಿರಾಮ ಹಾಕಿ ವಾಕ್ಯವನ್ನು ಮುಂದುವರಿಸುತ್ತೀರಿ; ‘ಸಂಬಂಧಿಸಿದಂತೆ’ ಎಂಬಲ್ಲಿ ನಿಲ್ಲಿಸುವುದಿಲ್ಲ. ಇಂಗ್ಲಿಷಿನಲ್ಲಿಯೂ ಹಾಗೆಯೇ ಅಲ್ಪವಿರಾಮ ಹಾಕಿ, ‘ಐ ಆ್ಯಮ್ ಡೈರೆಕ್ಟೆಡ್ ಟು ಸ್ಟೇಟ್’ ಎಂದೋ ‘ವಿ ವಿಶ್ ಟು ಇನ್‌ಫಾರ್ಮ್ ಯೂ’ ಎಂದೋ ಮುಂದುವರಿಯಬೇಕು. ಪತ್ರದ ತಲೆಯಲ್ಲಿ ಬರುವ ವಿಷಯ ಮತ್ತು ಉಲ್ಲೇಖದ ಸಾಲುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ, ಏಕೆಂದರೆ ಅವು ಶೀರ್ಷಿಕೆಗಳು. ಅದೇ ಕಾರಣಕ್ಕೆ ರಸ್ತೆಬದಿಯ ‘ನೋ ಪಾರ್ಕಿಂಗ್’ ಫಲಕವನ್ನಾಗಲಿ ಪತ್ರಿಕೆಯ ತಲೆಬರಹವನ್ನಾಗಲಿ ಯಾರೂ ತುಂಡು ವಾಕ್ಯವೆಂದು ತಿದ್ದಹೋಗುವುದಿಲ್ಲ.

‘ಥ್ಯಾಂಕಿಂಗ್ ಯೂ’ ಎಂಬುದರ ಹಿಂದೆ ಒಂದು ಇತಿಹಾಸವಿದೆ. ಹಳೆಯ ಕಾಲದ ಇಂಗ್ಲಿಷ್ ಪತ್ರಗಳು ‘ಥ್ಯಾಂಕಿಂಗ್ ಯೂ, ಐ ರಿಮೇನ್, ಸರ್, ಯುವರ್ಸ್ ಫೇಯ್ತ್‌ಫುಲಿ’ ಎಂಬ ಧಾಟಿಯಲ್ಲಿ ಮುಗಿಯುತ್ತಿದ್ದವು. ಅಲ್ಲಿ ‘ಐ ರಿಮೇನ್’ ಎಂಬುದು ಪ್ರಧಾನ ವಾಕ್ಯ. ‘ಥ್ಯಾಂಕಿಂಗ್ ಯೂ’ ಎಂಬ ಕೃದಂತ ಅದಕ್ಕೆ ಅಧೀನವಾಗಿತ್ತು. ಕಾಲ ಕಳೆದಂತೆ ‘ಐ ರಿಮೇನ್’ ಉದುರಿಹೋಗಿ, ಅದನ್ನು ಆಶ್ರಯಿಸಿದ್ದ ಕೃದಂತವಷ್ಟೇ ನಮ್ಮ ಕಚೇರಿಗಳಲ್ಲಿ ಉಳಿದಿದೆ. ಅಲ್ಪವಿರಾಮದೊಂದಿಗೆ ಮುಕ್ತಾಯದ ಸಾಲಿಗೆ ಸೇರಿಸಿ ಬರೆದರೆ ಅದು ಒಪ್ಪಿತವಾದ ರೂಢಿ. ಪೂರ್ಣವಿರಾಮ ಹಾಕಿ ಬಿಡಿವಾಕ್ಯ ಮಾಡಿದರೆ ಮೇಲಧಿಕಾರಿಗಳ ಆಕ್ಷೇಪಕ್ಕೆ ಆಧಾರವಿದೆ. ‘ಥ್ಯಾಂಕ್ ಯೂ’ ಎಂದು ಬರೆದರೆ ಚರ್ಚೆಯೇ ಉಳಿಯುವುದಿಲ್ಲ. ‘ಹೋಪಿಂಗ್ ಫಾರ್ ಆ್ಯನ್ ಅರ್ಲಿ ರಿಪ್ಲೈ’ ಎಂಬ ಸಾಲಿಗೂ ಇದೇ ಮಾತು ಸಲ್ಲುತ್ತದೆ. ಅದರ ಬದಲು ‘ಐ ಹೋಪ್’ ಅಥವಾ ‘ವಿ ಹೋಪ್’ ಎಂದು ಆರಂಭಿಸುವುದು ನೇರವೂ ಹೌದು, ಗೌರವಕ್ಕೆ ಕುಂದೂ ಅಲ್ಲ.

ಪ್ರಶ್ನೆ: ದೊಡ್ಡ ಕಾದಂಬರಿಕಾರರೇ ತುಂಡು ವಾಕ್ಯಗಳನ್ನು ಬರೆದಿರುವಾಗ ನಮ್ಮ ಉತ್ತರ ಪತ್ರಿಕೆಗಳಲ್ಲಿ ಮಾತ್ರ ಅಂಕ ಕಳೆಯುವುದು ಸರಿಯೇ?
ಬಿ.ಎ. ವಿದ್ಯಾರ್ಥಿನಿ, ಜಯನಗರ

ಉತ್ತರ: ನಿಮ್ಮ ಮಾತಿನಲ್ಲಿ ಸತ್ಯವಿದೆ. ಚಾರ್ಲ್ಸ್ ಡಿಕನ್ಸ್ 1852-53ರಲ್ಲಿ ಕಂತುಗಳಾಗಿ ಪ್ರಕಟಿಸಿದ ‘ಬ್ಲೀಕ್ ಹೌಸ್’ ಕಾದಂಬರಿಯ ಮೊದಲ ವಾಕ್ಯ ‘ಲಂಡನ್’ ಎಂಬ ಒಂದೇ ಪದ. ಅದರ ಬೆನ್ನಿಗೆ ಬರುವ ಎರಡನೆಯ ವಾಕ್ಯದಲ್ಲಿಯೂ ಕಾಲ ಹೊತ್ತ ಕ್ರಿಯಾಪದವಿಲ್ಲ. ಏನೂ ಮುಂದೆ ಸಾಗದೆ ಮಂಜು ಮತ್ತು ಕೆಸರಿನಲ್ಲಿ ಸಿಕ್ಕಿಕೊಂಡ ನಗರವೊಂದನ್ನು ಚಿತ್ರಿಸುವಾಗ ಕ್ರಿಯಾಪದವನ್ನೇ ತಡೆಹಿಡಿದದ್ದು ಆ ಬರಹಗಾರನ ಆಯ್ಕೆ. ಪರೀಕ್ಷಕರು ನಿಮ್ಮ ಉತ್ತರದಲ್ಲಿ ನೋಡುವುದು ನಿಮಗೆ ಪೂರ್ಣ ವಾಕ್ಯವನ್ನು ಕಟ್ಟಲು ಬರುತ್ತದೆಯೇ ಎಂಬುದನ್ನು. ಪ್ರಬಂಧಾತ್ಮಕ ಉತ್ತರದಲ್ಲಿ ‘ವಿಚ್’ ಪದದಿಂದ ಆರಂಭಿಸಿ ಪೂರ್ಣವಿರಾಮ ಹಾಕಿದ ಸಾಲು ಆಯ್ಕೆಯೆಂದು ಯಾರಿಗೂ ತೋರುವುದಿಲ್ಲ.

ಪ್ರಶ್ನೆ: ನಾನು ಬರೆಯುವ ಇಮೇಲ್‌ಗಳಲ್ಲಿ ತುಂಡು ವಾಕ್ಯಗಳಿಲ್ಲ, ಆದರೆ ‘ದ ಸರ್ವರ್ ಈಸ್ ಡೌನ್, ವಿ ಆರ್ ಚೆಕಿಂಗ್ ಇಟ್’ ಎಂಬಂಥ ಸಾಲುಗಳನ್ನು ನಮ್ಮ ತಂಡದ ಹಿರಿಯರು ತಿದ್ದುತ್ತಾರೆ. ಇದರಲ್ಲಿ ಕಡಿಮೆಯಾದದ್ದು ಏನು?
ಸಾಫ್ಟ್‌ವೇರ್ ಉದ್ಯೋಗಿ, ಬೆಳ್ಳಂದೂರು

ಉತ್ತರ: ಕಡಿಮೆಯಾದದ್ದೇನೂ ಇಲ್ಲ, ಹೆಚ್ಚಾಗಿದೆ. ಎರಡು ಪ್ರಧಾನ ವಾಕ್ಯಗಳನ್ನು ಬರಿಯ ಅಲ್ಪವಿರಾಮದಿಂದ ಹೊಲಿದಿದ್ದೀರಿ. ಕನ್ನಡದ ಬರಹ ಇದನ್ನು ಸಹಿಸುತ್ತದೆ, ಇಂಗ್ಲಿಷಿನ ಔಪಚಾರಿಕ ಬರಹ ಸಹಿಸುವುದಿಲ್ಲ. ನಡುವೆ ‘ಆ್ಯಂಡ್’ ಸೇರಿಸಿ, ಇಲ್ಲವೇ ಅರ್ಧವಿರಾಮವನ್ನೋ ಪೂರ್ಣವಿರಾಮವನ್ನೋ ಹಾಕಿ. ‘ಹೌಎವರ್’ ಮತ್ತು ‘ದೇರ್‌ಫೋರ್’ ಪದಗಳು ಜೋಡಿಸುವ ಪದಗಳಂತೆ ಕಂಡರೂ ವಾಕ್ಯಗಳನ್ನು ಜೋಡಿಸುವ ಶಕ್ತಿ ಅವಕ್ಕಿಲ್ಲವಾದ್ದರಿಂದ, ಅವುಗಳ ಹಿಂದೆಯೂ ಅಲ್ಪವಿರಾಮ ಸಾಲದು.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಅಭ್ಯಾಸ ಮಾಡುತ್ತ ಐದು ಸಾಲುಗಳನ್ನು ಬರೆದಿದ್ದೇನೆ. ಇವುಗಳಲ್ಲಿ ಪೂರ್ಣ ವಾಕ್ಯ ಯಾವುದು, ತುಂಡು ಯಾವುದು ಎಂದು ದಯವಿಟ್ಟು ತಿಳಿಸಿ.
ಓದುಗರೊಬ್ಬರು, ಗಿರಿನಗರ

ಉತ್ತರ: ನಿಮ್ಮ ಮೊದಲ ಸಾಲು ‘ಶಿ ವೆಪ್ಟ್’. ಎರಡೇ ಪದಗಳಿದ್ದರೂ ಕರ್ತೃ ಇದೆ, ಕಾಲ ಹೊತ್ತ ಕ್ರಿಯಾಪದ ಇದೆ, ಪೂರ್ಣ ವಾಕ್ಯ. ‘ದೋ ಇಟ್ ರೇನ್ಡ್ ಆಲ್ ನೈಟ್, ದ ರೋಡ್ ವಾಸ್ ಡ್ರೈ’ ಎಂಬುದೂ ಪೂರ್ಣ. ‘ಮಳೆ ಸುರಿದರೂ’ ಎಂದು ತೂಗಿಬಿದ್ದದ್ದನ್ನು ‘ದ ರೋಡ್ ವಾಸ್ ಡ್ರೈ’ ಬಂದು ಎತ್ತಿ ಹಿಡಿದಿದೆ.

‘ದ ಶಾಪ್ ವೇರ್ ವಿ ಬಾಟ್ ದ ಸ್ಯಾರೀಸ್ ಫಾರ್ ಮೈ ಸಿಸ್ಟರ್ಸ್ ವೆಡ್ಡಿಂಗ್’ ಎಂಬ ಮೂರನೆಯ ಸಾಲಿನ ಉದ್ದ ನಿಮ್ಮನ್ನು ಮೋಸಗೊಳಿಸಿದೆ. ‘ಬಾಟ್’ ಎಂಬುದು ಕ್ರಿಯಾಪದವೇ, ಆದರೆ ಅದರ ಕರ್ತೃ ‘ವಿ’. ‘ದ ಶಾಪ್’ ಎಂಬ ಕರ್ತೃ ತನ್ನ ಕ್ರಿಯಾಪದಕ್ಕಾಗಿ ಇನ್ನೂ ಕಾಯುತ್ತಿದೆ. ‘ಅಕ್ಕನ ಮದುವೆಗೆ ನಾವು ಸೀರೆ ಕೊಂಡ ಅಂಗಡಿ’ ಎಂದು ಕನ್ನಡದಲ್ಲಿ ಹೇಳಿದರೆ, ಆ ಅಂಗಡಿಗೆ ಏನಾಯಿತೆಂದು ಎದುರಿಗಿದ್ದವರು ಕೇಳುತ್ತಾರೆ. ಕೊನೆಗೆ ‘ಈಸ್ ಇನ್ ಚಿಕ್ಕಪೇಟೆ’ ಎಂದು ಸೇರಿಸಿ.

‘ವಾಟ್ ಹಿ ಸೆಡ್ ವಾಸ್ ಟ್ರೂ’ ಎಂಬ ನಾಲ್ಕನೆಯದನ್ನು ನೀವು ಸಂದೇಹದಿಂದ ಗುರುತಿಸಿದ್ದೀರಿ, ಆದರೆ ಅದು ಪೂರ್ಣ ವಾಕ್ಯ. ಇಲ್ಲಿ ‘ವಾಟ್ ಹಿ ಸೆಡ್’ ಎಂಬ ಉಪವಾಕ್ಯವೇ ಕರ್ತೃವಿನ ಸ್ಥಾನದಲ್ಲಿ ಕುಳಿತಿದೆ, ‘ಅವನು ಹೇಳಿದ್ದು ನಿಜವಾಗಿತ್ತು’ ಎಂಬಲ್ಲಿ ‘ಹೇಳಿದ್ದು’ ಕುಳಿತಂತೆ.

ಐದನೆಯದು ‘ವೆಂಡರ್ಸ್ ಕಮಿಂಗ್ ಟು ಕೆ.ಆರ್. ಮಾರ್ಕೆಟ್ ಬಿಫೋರ್ ಡಾನ್ ವಿತ್ ಬಾಸ್ಕೆಟ್ಸ್ ಆಫ್ ಜಾಸ್ಮಿನ್’. ಓದಲು ಸೊಗಸಾಗಿದೆ, ಆದರೆ ತುಂಡು. ‘ಕಮಿಂಗ್’ ಎಂಬುದನ್ನು ‘ಕಮ್’ ಎಂದು ಮಾಡಿ. ಉಳಿದ ಯಾವ ಪದವನ್ನೂ ಮುಟ್ಟಬೇಕಾಗಿಲ್ಲ.